ಪೀಣ್ಯಕ್ಕೂ ವೈಟ್‌ಫೀಲ್ಡ್‌ಗೂ ಒಂದೇ ತರಗತಿ

ಬೆಂಗಳೂರಿನ ಹೊರವಲಯದ ಉದ್ಯಮ ಪ್ರದೇಶಗಳಿಗೆ ಕಲಿಸುವ ಸಂಸ್ಥೆಗಳ ಬರ ಎಂದೂ ಇರಲಿಲ್ಲ. ತುಮಕೂರು ರಸ್ತೆಯಲ್ಲಿ ತಯಾರಿಕಾ ತಂತ್ರಜ್ಞಾನದ ಸಂಸ್ಥೆ ಸಿಎಂಟಿಐ 1962ರಿಂದ ಇದೆ. ಟೂಲ್ ಅಂಡ್ ಡೈ ಕಸುಬು ಕಲಿಸುವ ಎನ್‌ಟಿಟಿಎಫ್ ಪೀಣ್ಯದಲ್ಲೇ ನೆಲೆಯೂರಿದೆ. ರಾಜ್ಯ ಸರ್ಕಾರ ಮತ್ತು ಐ.ಟಿ ಉದ್ಯಮ ಕೈಜೋಡಿಸಿ ಕಟ್ಟಿದ ಐಐಐಟಿ-ಬೆಂಗಳೂರು 1999ರಲ್ಲಿ ವೈಟ್‌ಫೀಲ್ಡ್‌ನ ಐಟಿಪಿಎಲ್ ಟೆಕ್ ಪಾರ್ಕ್‌ನಲ್ಲಿ ಶುರುವಾಗಿ, 2003ರಲ್ಲಿ ಎಲೆಕ್ಟ್ರಾನಿಕ್ ಸಿಟಿಯ ಸ್ವಂತ ಜಾಗಕ್ಕೆ ಬಂತು. ಇವುಗಳ ಮೇಲೆ ಈಗ ಆನ್‌ಲೈನ್ ಕೋರ್ಸ್‌ಗಳ ಸುಗ್ಗಿ ಬೇರೆ. ಡೇಟಾ ಸೈನ್ಸ್, ಕ್ಲೌಡ್, ಮೆಷಿನ್ ಲರ್ನಿಂಗ್, ಸಿಎನ್‌ಸಿ ಪ್ರೋಗ್ರಾಮಿಂಗ್ ಎಂದು ಪಟ್ಟಿ ಬೆಳೆಯುತ್ತಲೇ ಇದೆ. ಇವು ಬೇಕಾದವೇ. ಆದರೆ ಒಂದೊಂದು ಕಸುಬಿನವರನ್ನು ಅವರವರ ಮುಂದಿನ ಬಡ್ತಿಗೆ ತಯಾರು ಮಾಡುವುದಷ್ಟೇ ಇವುಗಳ ಉದ್ದೇಶ. ಸಾಫ್ಟ್‌ವೇರ್ ಟೆಸ್ಟರ್, ಎಲೆಕ್ಟ್ರೋಪ್ಲೇಟಿಂಗ್ ಘಟಕದ ಮೇಲ್ವಿಚಾರಕ, ಗಾರ್ಮೆಂಟ್ಸ್ ಲೈನಿನ ಸೂಪರ್‌ವೈಸರ್, ಆನೇಕಲ್ಲಿನ ಬಿ.ಕಾಂ ವಿದ್ಯಾರ್ಥಿನಿ, ಈ ನಾಲ್ವರೂ ಸೇರಬಹುದಾದ, ಸೇರಿದರೆ ನಾಲ್ವರಿಗೂ ಪ್ರಯೋಜನವಾಗುವ ವಿಶ್ವವಿದ್ಯಾಲಯ ಮಟ್ಟದ ಅಲ್ಪಾವಧಿ ಕೋರ್ಸನ್ನು ಹುಡುಕಿದರೆ ಕೈಗೆ ಸಿಗುವುದು ಕಷ್ಟ. ಅಂಥದ್ದನ್ನು ಕಟ್ಟಲು ಸಾಧ್ಯವಿದೆ ಎಂಬುದೂ, ಕಟ್ಟಬೇಕಾದರೆ ಆರಂಭವಾಗಬೇಕಾದದ್ದು ವಿಷಯದಿಂದಲ್ಲ, ಪ್ರಶ್ನೆಯಿಂದ ಎಂಬುದೂ ಈ ಲೇಖನದ ವಾದ.

ದೊಡ್ಡ ಆನ್‌ಲೈನ್ ಕೋರ್ಸ್‌ಗಳ ಚರಿತ್ರೆ ತೀರಾ ಹಳೆಯದಲ್ಲ. 2008ರಲ್ಲಿ ಕೆನಡಾದ ಮ್ಯಾನಿಟೋಬಾ ವಿಶ್ವವಿದ್ಯಾಲಯದಲ್ಲಿ ಜಾರ್ಜ್ ಸೀಮೆನ್ಸ್ ಮತ್ತು ಸ್ಟೀಫನ್ ಡೌನ್ಸ್ ನಡೆಸಿದ ಕೋರ್ಸಿಗೆ ಶುಲ್ಕ ಕಟ್ಟಿದವರು 25 ಮಂದಿ. ಪುಕ್ಕಟೆ ಬಂದು ಸೇರಿಕೊಂಡವರು ಎರಡು ಸಾವಿರಕ್ಕೂ ಹೆಚ್ಚು. 2011ರಲ್ಲಿ ಸ್ಟ್ಯಾನ್‌ಫರ್ಡ್‌ನ ಕೃತಕ ಬುದ್ಧಿಮತ್ತೆ ಕೋರ್ಸಿಗೆ ಸುಮಾರು 1,60,000 ಜನ ಹೆಸರು ಬರೆಸಿದರು. ಮರುವರ್ಷ ಎಂಐಟಿಯ ‘ಸರ್ಕ್ಯೂಟ್ಸ್ ಅಂಡ್ ಎಲೆಕ್ಟ್ರಾನಿಕ್ಸ್’ ಬಂತು. ಅದನ್ನು ಮುನ್ನಡೆಸಿದ ಅನಂತ್ ಅಗರ್‌ವಾಲ್ ಮಂಗಳೂರಿನಲ್ಲಿ ಬೆಳೆದು, ಅಲ್ಲಿನ ಸಂತ ಅಲೋಶಿಯಸ್‌ನಲ್ಲಿ ಓದಿದವರು. ಆ ಕೋರ್ಸಿಗೆ ಸೇರಿದ್ದು ಒಂದೂವರೆ ಲಕ್ಷಕ್ಕೂ ಹೆಚ್ಚು ಮಂದಿ. ಪ್ರಮಾಣಪತ್ರದವರೆಗೆ ತಲುಪಿದ್ದು ಏಳು ಸಾವಿರದ ಆಸುಪಾಸು. ನಂತರದ ವರ್ಷಗಳಲ್ಲಿ ಈ ಅಂತರ ಇನ್ನೂ ಹಿಗ್ಗಿತು. ಎಂಐಟಿ ಮತ್ತು ಹಾರ್ವರ್ಡ್‌ನ ಆನ್‌ಲೈನ್ ಕೋರ್ಸ್‌ಗಳ ಆರು ವರ್ಷಗಳ ಮಾಹಿತಿಯನ್ನು ಜಾಲಾಡಿ 2019ರ ಜನವರಿಯಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಹೆಸರು ಬರೆಸಿದವರಲ್ಲಿ ಅರ್ಧಕ್ಕೂ ಹೆಚ್ಚು ಮಂದಿ ಕೋರ್ಸಿನೊಳಗೆ ಒಮ್ಮೆಯೂ ಕಾಲಿಟ್ಟಿರಲಿಲ್ಲ. 2017-18ರಲ್ಲಿ ಪೂರ್ಣಗೊಳಿಸಿದವರು ನೂರಕ್ಕೆ ಮೂವರು.

ಈ ಅಂಕಿಗಳನ್ನು ಕಂಡು ಕೈಚೆಲ್ಲುವವರು ಸ್ಯಾನ್ ಹೋಸೆ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಏನಾಯಿತು ಎಂಬುದನ್ನೂ ನೋಡಬೇಕು. ಸಿಲಿಕಾನ್ ಕಣಿವೆಯ ಆ ಸಾರ್ವಜನಿಕ ವಿಶ್ವವಿದ್ಯಾಲಯ 2012ರಲ್ಲಿ ಎಂಐಟಿಯ ಅದೇ ಸರ್ಕ್ಯೂಟ್ ವಿಡಿಯೊಗಳನ್ನು ತನ್ನ ವಿದ್ಯಾರ್ಥಿಗಳಿಗೆ ಮನೆಯಲ್ಲಿ ನೋಡಲು ಕೊಟ್ಟು, ತರಗತಿಯ ಸಮಯವನ್ನು ಲೆಕ್ಕ ಬಿಡಿಸಲು, ಅನುಮಾನ ಬಗೆಹರಿಸಲು ಮೀಸಲಿಟ್ಟಿತು. ತೇರ್ಗಡೆ ಪ್ರಮಾಣ ಶೇ 90ರ ಸಮೀಪಕ್ಕೆ ಏರಿತು. 2013ರ ಮೊದಲರ್ಧದಲ್ಲಿ ಅದೇ ವಿಶ್ವವಿದ್ಯಾಲಯ ಆನ್‌ಲೈನ್ ಕೋರ್ಸ್ ಕಂಪನಿ ಉಡಾಸಿಟಿಯ ಜತೆ ಸೇರಿ ಪೂರ್ತಿ ಆನ್‌ಲೈನ್‌ನಲ್ಲಿ ನಡೆಸಿದ ಪ್ರಾಥಮಿಕ ಗಣಿತದ ಕೋರ್ಸಿನಲ್ಲಿ ಪಾಸಾದವರು ಮೂರನೇ ಒಂದು ಭಾಗಕ್ಕಿಂತ ಕಡಿಮೆ. ಜುಲೈ ಹೊತ್ತಿಗೆ ಪ್ರಯೋಗವನ್ನು ನಿಲ್ಲಿಸಿದ ಘೋಷಣೆ ಬಂತು. ಆದರೆ ಆ ಬೇಸಿಗೆಯಲ್ಲಿ ನಡೆದ ಕೋರ್ಸ್‌ಗಳ ಫಲಿತಾಂಶ ಗಣನೀಯವಾಗಿ ಸುಧಾರಿಸಿತು. ಆ ಬಾರಿ ಸೇರಿದವರಲ್ಲಿ ಅರ್ಧಕ್ಕೂ ಹೆಚ್ಚು ಜನ ಆಗಲೇ ಪದವೀಧರರಾಗಿದ್ದರು. ಅಂದರೆ ವಿಡಿಯೊ ಒಂದೇ ಸಾಕಾಗುವುದು ಓದುವ ಅಭ್ಯಾಸ ಈಗಾಗಲೇ ಇರುವವರಿಗೆ. ಉಳಿದವರಿಗೆ ಪಕ್ಕದಲ್ಲಿ ಒಬ್ಬ ಮನುಷ್ಯ ಬೇಕು, ಮುಂದೆ ಓದಲು ಒಂದು ಕಾರಣವೂ ಬೇಕು. ವೈಟ್‌ಫೀಲ್ಡ್‌ನ ಎಂಜಿನಿಯರ್‌ಗೆ ಮೊದಲನೆಯ ಗುಂಪಿನ ಸವಲತ್ತು ಇದೆ, ಪೀಣ್ಯದ ಆಪರೇಟರ್‌ಗೆ ಇಲ್ಲ. ಇಬ್ಬರನ್ನೂ ಒಂದೇ ತರಗತಿಗೆ ತರುವ ವಿನ್ಯಾಸ ಇಲ್ಲಿಂದ ಹೊರಡಬೇಕು.

ನಮ್ಮ ದೇಶದ ಮಾದರಿಗೆ ಒಂದು ದೊಡ್ಡ ಗುಣವಿದೆ. ಐಐಟಿಗಳು ಮತ್ತು ಐಐಎಸ್‌ಸಿ ಸೇರಿ 2003ರಲ್ಲಿ ಶುರು ಮಾಡಿದ ಆನ್‌ಲೈನ್ ಪಾಠಗಳ ಯೋಜನೆ ಎನ್‌ಪಿಟಿಇಎಲ್, 2014ರಿಂದ ಪ್ರಮಾಣಪತ್ರದ ಕೋರ್ಸ್‌ಗಳನ್ನು ನಡೆಸುತ್ತಿದೆ. 2017ರಲ್ಲಿ ಕೇಂದ್ರ ಸರ್ಕಾರದ ಸ್ವಯಂ ವೇದಿಕೆ ಬಂದ ಮೇಲೆ ಅದರ ವ್ಯಾಪ್ತಿ ಇನ್ನೂ ಹಿಗ್ಗಿತು. ನಾಲ್ಕು, ಎಂಟು ಅಥವಾ ಹನ್ನೆರಡು ವಾರ. ವಾರಕ್ಕೊಂದು ಅಸೈನ್‌ಮೆಂಟ್, ಅದಕ್ಕೊಂದು ಕಟ್ಟುನಿಟ್ಟಾದ ಗಡುವು. ಕೊನೆಗೆ ಪರೀಕ್ಷಾ ಕೇಂದ್ರಕ್ಕೆ ಖುದ್ದಾಗಿ ಹೋಗಿ ಬರೆಯಬೇಕಾದ ಪರೀಕ್ಷೆ. ಅಸೈನ್‌ಮೆಂಟ್‌ಗೆ 25 ಅಂಕ, ಪರೀಕ್ಷೆಗೆ 75. ಕಲಿಯುವುದು ಪೂರ್ತಿ ಉಚಿತ, ಪರೀಕ್ಷೆಗೆ ಮಾತ್ರ ಶುಲ್ಕ. ನಾಲ್ಕು ವಾರಕ್ಕೆ ಒಂದು ಕ್ರೆಡಿಟ್, ಎಂಟಕ್ಕೆ ಎರಡು, ಹನ್ನೆರಡಕ್ಕೆ ಮೂರು. ಒಂದು ಸೆಮಿಸ್ಟರಿನ ಕೋರ್ಸ್‌ಗಳಲ್ಲಿ ಶೇ 40ರವರೆಗೆ ಸ್ವಯಂ ಮೂಲಕ ಪಡೆಯಲು ಯುಜಿಸಿ 2021ರಲ್ಲೇ ಅವಕಾಶ ಕೊಟ್ಟಿದೆ. ಮೊದಲು ಇದ್ದದ್ದು ಶೇ 20. ದಿನಾಂಕ, ಗಡುವು, ಪರೀಕ್ಷೆ, ಕ್ರೆಡಿಟ್ ಎಂಬ ಚೌಕಟ್ಟು ಇಷ್ಟು ಗಟ್ಟಿಯಾಗಿರುವುದು ನಮ್ಮ ಪುಣ್ಯ. ಕೊರತೆ ಇರುವುದು ಕೋರ್ಸ್‌ಗಳ ಪಟ್ಟಿಯಲ್ಲಿ. ಅದು ವಿಭಾಗಗಳ ಪಟ್ಟಿ: ಸಿವಿಲ್, ಮೆಕ್ಯಾನಿಕಲ್, ಕಂಪ್ಯೂಟರ್ ಸೈನ್ಸ್, ಮ್ಯಾನೇಜ್‌ಮೆಂಟ್, ಮಾನವಿಕ ಶಾಸ್ತ್ರಗಳು. ಹೊರಗಿನಿಂದ ಬರುವವನಿಗೆ ಸಿಗುವುದು ಆಯಾ ಶಾಸ್ತ್ರದ ಮೊದಲ ಪಾಠ. ಹತ್ತು ವರ್ಷ ದುಡಿದು ದಣಿದು ಬಂದ ಮನುಷ್ಯನಿಗೆ ಇನ್ನೊಂದು ಶಾಸ್ತ್ರದ ಮೊದಲ ಪಾಠವನ್ನು ಓದಲು ಯಾವ ತುರ್ತೂ ಇರುವುದಿಲ್ಲ.

ತುರ್ತು ಹುಟ್ಟುವುದು ಪ್ರಶ್ನೆಯಿಂದ. ಪೀಣ್ಯದ ಒಂದು ಪ್ರಶ್ನೆಯನ್ನೇ ತೆಗೆದುಕೊಳ್ಳೋಣ: ಇಲ್ಲಿನ ಬೋರ್‌ವೆಲ್ ನೀರಿಗೆ ಕ್ರೋಮಿಯಂ ಎಲ್ಲಿಂದ ಬಂತು, ಅದನ್ನು ತೆಗೆಯುವ ಖರ್ಚು ಯಾರದು? ಪೀಣ್ಯದ ಅಂತರ್ಜಲದಲ್ಲಿ ಹೆಕ್ಸಾವೆಲೆಂಟ್ ಕ್ರೋಮಿಯಂ ಸೇರಿರುವುದು ಸರ್ಕಾರಿ ದಾಖಲೆಗಳಲ್ಲೇ ಇರುವ ಸಂಗತಿ. ಮೊದಲ ವಾರ ಪ್ಲೇಟಿಂಗ್ ತೊಟ್ಟಿಯ ಬಳಿ ಶುರುವಾಗಲಿ. ಕ್ರೋಮಿಕ್ ಆಮ್ಲದಲ್ಲಿ ಅದ್ದಿ ತೆಗೆದ ಬಿಡಿಭಾಗವನ್ನು ತೊಳೆದ ನೀರು ಹಳದಿ ಬಣ್ಣಕ್ಕೆ ತಿರುಗುತ್ತದೆ. ಆ ಹಳದಿಯೇ ಅಪಾಯದ ಗುರುತು. ಎರಡನೇ ವಾರ ರಸಾಯನಶಾಸ್ತ್ರ: ನೀರನ್ನು ಪಿಎಚ್ ಎರಡು-ಮೂರಕ್ಕೆ ಇಳಿಸಿ ಸೋಡಿಯಂ ಬೈಸಲ್ಫೈಟ್ ಹಾಕಿದರೆ ವಿಷಕಾರಿ ಕ್ರೋಮಿಯಂ ಅಷ್ಟೇನೂ ಅಪಾಯವಿಲ್ಲದ ಟ್ರೈವೆಲೆಂಟ್ ರೂಪಕ್ಕೆ ಬರುತ್ತದೆ, ಆಮೇಲೆ ಸುಣ್ಣ ಬೆರೆಸಿ ಪಿಎಚ್ ಎಂಟರಿಂದ ಒಂಬತ್ತಕ್ಕೆ ಏರಿಸಿದರೆ ಗಷ್ಟಾಗಿ ತಳಕ್ಕೆ ಕೂರುತ್ತದೆ. ಮೂರನೇ ವಾರ ಭೂವಿಜ್ಞಾನ, ಗಟ್ಟಿ ಬಂಡೆಯ ಬಿರುಕುಗಳಲ್ಲಿ ನೀರು ಹೇಗೆ ಸರಿಯುತ್ತದೆ ಎಂಬುದು. ನಾಲ್ಕನೇ ವಾರ ವೈದ್ಯಕೀಯ ಮತ್ತು ಸಂಖ್ಯಾಶಾಸ್ತ್ರ: ಕುಡಿಯುವ ನೀರಿನಲ್ಲಿ ಕ್ರೋಮಿಯಂ ಲೀಟರಿಗೆ 0.05 ಮಿಲಿಗ್ರಾಂ ದಾಟಬಾರದು ಎಂಬ ಮಿತಿಯನ್ನು ಯಾವ ಆಧಾರದ ಮೇಲೆ ಹಾಕಿದರು? ಐದನೇ ವಾರ ಕಾನೂನು: 1974ರ ಜಲ ಕಾಯ್ದೆ, ಮಾಲಿನ್ಯ ಮಾಡಿದವನೇ ಬೆಲೆ ತೆರಬೇಕು ಎಂದು ವೆಲ್ಲೂರಿನ ಚರ್ಮ ಹದ ಮಾಡುವ ಘಟಕಗಳ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1996ರಲ್ಲಿ ಕೊಟ್ಟ ತೀರ್ಪು. ಕೊನೆಯ ವಾರ ಲೆಕ್ಕಾಚಾರ: ನಾಲ್ಕೈದು ಕೆಲಸಗಾರರ ಸಣ್ಣ ಘಟಕವೊಂದು ಈ ಶುದ್ಧೀಕರಣದ ವೆಚ್ಚವನ್ನು ಹೊತ್ತುಕೊಂಡು ಬದುಕಬಲ್ಲದೇ, ಸಾಮೂಹಿಕ ಘಟಕ ಒಂದೇ ದಾರಿಯೇ? ಈ ಆರು ವಾರಗಳಲ್ಲಿ ಯಾರೂ ಪೂರ್ತಿ ಹೊರಗಿನವರಲ್ಲ, ಯಾರೂ ಪೂರ್ತಿ ಬಲ್ಲವರೂ ಅಲ್ಲ. ತೊಟ್ಟಿಯ ವಾರದಲ್ಲಿ ಪ್ಲೇಟಿಂಗ್ ಘಟಕದ ಮೇಲ್ವಿಚಾರಕ ಮಾತಾಡುತ್ತಾನೆ, ಪ್ರೊಫೆಸರ್ ಕೇಳಿಸಿಕೊಳ್ಳುತ್ತಾರೆ. ಸಂಖ್ಯಾಶಾಸ್ತ್ರದ ವಾರದಲ್ಲಿ ಐ.ಟಿಯವರು ಗ್ರಾಫ್ ಬಿಡಿಸಿ ಉಳಿದವರಿಗೆ ವಿವರಿಸುತ್ತಾರೆ.

ಇನ್ನೊಂದು ಪ್ರಶ್ನೆ ಇನ್ನೂ ಹತ್ತಿರದ್ದು: ನನ್ನ ಪಿಎಫ್ ಹಣ ಎಲ್ಲಿಗೆ ಹೋಗುತ್ತದೆ? 2016ರ ಏಪ್ರಿಲ್ 18 ಮತ್ತು 19ರಂದು ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಸಾವಿರ ಸಾವಿರ ಸಂಖ್ಯೆಯಲ್ಲಿ ಹೊಸೂರು ರಸ್ತೆಗೂ ತುಮಕೂರು ರಸ್ತೆಗೂ ಇಳಿದು ಊರನ್ನೇ ನಿಲ್ಲಿಸಿದ್ದು ಈ ಪ್ರಶ್ನೆಗಾಗಿ. ಮಾಲೀಕರ ಪಾಲಿನ ಪಿಎಫ್ ಹಣವನ್ನು 58 ವರ್ಷ ತುಂಬುವವರೆಗೆ ತೆಗೆಯುವಂತಿಲ್ಲ ಎಂಬ ನಿಯಮ ಬಂದಿತ್ತು; ಪ್ರತಿಭಟನೆಯ ಎರಡನೇ ದಿನವೇ ಕೇಂದ್ರ ಸರ್ಕಾರ ಅದನ್ನು ಹಿಂತೆಗೆದುಕೊಂಡಿತು. ಆ ದಿನ ಟ್ರಾಫಿಕ್ಕಿನಲ್ಲಿ ಸಿಕ್ಕಿಬಿದ್ದ ಎಲೆಕ್ಟ್ರಾನಿಕ್ ಸಿಟಿಯ ಉದ್ಯೋಗಿಗಳಿಗೂ ಅದೇ ನಿಯಮ ಅನ್ವಯವಾಗುತ್ತಿತ್ತು. ಲೆಕ್ಕ ನೋಡಿ: ಪಿಎಫ್‌ಗೆ ಲೆಕ್ಕ ಹಿಡಿಯುವ ಸಂಬಳ 12,000 ಇರುವ ಹೊಲಿಗೆ ಕೆಲಸಗಾರ್ತಿಯಿಂದ ಶೇ 12ರಂತೆ 1,440 ರೂಪಾಯಿ ಕಡಿತ. ಮಾಲೀಕ ಕಟ್ಟುವ ಅಷ್ಟೇ ಹಣದಲ್ಲಿ ಸುಮಾರು 1,000 ಪಿಂಚಣಿ ಯೋಜನೆಗೆ ಹೋಗಿ, 440 ಮಾತ್ರ ಪಿಎಫ್ ಖಾತೆಗೆ ಬೀಳುತ್ತದೆ. 60,000 ಸಂಬಳದ ಎಂಜಿನಿಯರ್ 2014ರ ಸೆಪ್ಟೆಂಬರ್‌ಗೆ ಮೊದಲೇ ಸದಸ್ಯನಾಗಿದ್ದರೆ, 15,000ದ ಮಿತಿಯಿಂದಾಗಿ ಸಾಮಾನ್ಯವಾಗಿ 1,250 ಪಿಂಚಣಿಗೆ, 5,950 ಖಾತೆಗೆ. ಆ ಮಿತಿಗಿಂತ ಹೆಚ್ಚಿನ ಸಂಬಳದಲ್ಲಿ ಆಮೇಲೆ ಹೊಸದಾಗಿ ಸೇರಿದವನಾಗಿದ್ದರೆ ಪಿಂಚಣಿ ಯೋಜನೆಗೇ ಅವನು ಸೇರುವುದಿಲ್ಲ. ಏಕೆ ಹೀಗೆ? ಉತ್ತರಕ್ಕೆ ಚಕ್ರಬಡ್ಡಿಯ ಗಣಿತ ಬೇಕು, ಜನರ ಆಯುಷ್ಯದ ಅಂಕಿಅಂಶ ಬೇಕು, 1952ರ ಪಿಎಫ್ ಕಾಯ್ದೆಯ ಇತಿಹಾಸ ಬೇಕು, ಹೆಣ್ಣುಮಕ್ಕಳು ನಲವತ್ತು ದಾಟುವ ಮೊದಲೇ ಕಾರ್ಖಾನೆ ಬಿಡುವುದು ಏಕೆ ಎಂದು ಕೇಳುವ ಸಮಾಜಶಾಸ್ತ್ರವೂ ಬೇಕು. ಆರು ವಾರಕ್ಕೆ ಇದಕ್ಕಿಂತ ಒಳ್ಳೆಯ ಪಠ್ಯವನ್ನು ಯಾವ ವಿಭಾಗವೂ ಒಂಟಿಯಾಗಿ ಬರೆಯಲಾರದು.

ಪ್ರಶ್ನೆಯನ್ನು ಹಿಡಿದು ಕಟ್ಟಿದ ಕೋರ್ಸಿಗೆ ಜನ ಬರುತ್ತಾರೆ ಎಂಬುದಕ್ಕೆ ಪುರಾವೆ ಇದೆ. ಎಂಜಿನಿಯರಿಂಗ್ ಪ್ರಾಧ್ಯಾಪಕಿ ಬಾರ್ಬರಾ ಓಕ್ಲಿ ಮತ್ತು ನರವಿಜ್ಞಾನಿ ಟೆರೆನ್ಸ್ ಸೆಯ್ನೋವ್‌ಸ್ಕಿ 2014ರಲ್ಲಿ ಆರಂಭಿಸಿದ ‘ಲರ್ನಿಂಗ್ ಹೌ ಟು ಲರ್ನ್’ ಜಗತ್ತಿನ ಅತಿ ಜನಪ್ರಿಯ ಆನ್‌ಲೈನ್ ಕೋರ್ಸ್‌ಗಳಲ್ಲೊಂದು. ಕಲಿಯುವುದು ಹೇಗೆ ಎಂಬ ಒಂದೇ ಪ್ರಶ್ನೆ ಅದರ ಬೆನ್ನೆಲುಬು. ಓಕ್ಲಿ ಅದನ್ನು ಚಿತ್ರೀಕರಿಸಿದ್ದು ತಮ್ಮ ಮನೆಯ ನೆಲಮಾಳಿಗೆಯಲ್ಲಿ, ಐದು ಸಾವಿರ ಡಾಲರಿಗೂ ಕಡಿಮೆ ಖರ್ಚಿನಲ್ಲಿ. ಆನ್‌ಲೈನ್ ಕೋರ್ಸ್ ವೇದಿಕೆ ಎಡೆಕ್ಸ್‌ನ 69 ಲಕ್ಷ ವಿಡಿಯೊ ವೀಕ್ಷಣೆಗಳನ್ನು ಪರಿಶೀಲಿಸಿದ 2014ರ ಅಧ್ಯಯನವೂ ಇದೇ ದಿಕ್ಕಿನಲ್ಲಿದೆ: ಆರು ನಿಮಿಷದೊಳಗಿನ ವಿಡಿಯೊಗಳನ್ನು ಜನ ಗಮನವಿಟ್ಟು ನೋಡುತ್ತಾರೆ, ದುಬಾರಿ ಸ್ಟುಡಿಯೊದ ಚಿತ್ರೀಕರಣಕ್ಕಿಂತ ಮೇಜಿನ ಮುಂದೆ ಕೂತು ಸಹಜವಾಗಿ ಮಾತಾಡಿದ್ದು ಹೆಚ್ಚು ಹಿಡಿಸುತ್ತದೆ. ಹಾಗಾಗಿ ನಮ್ಮ ವಿಶ್ವವಿದ್ಯಾಲಯಗಳು ಕ್ಯಾಮೆರಾ, ದೀಪ, ಗೋಡೆಗೆ ಮೆತ್ತುವ ಸ್ಪಾಂಜಿಗೆ ಸುರಿಯುವ ಹಣವನ್ನು ಬೋಧನಾ ಸಹಾಯಕರ ಸಂಬಳಕ್ಕೆ ತಿರುಗಿಸಬೇಕು. ನೂರು ಕಲಿಯುವವರಿಗೆ ಒಬ್ಬ ಸಹಾಯಕ, ವಾರಕ್ಕೊಮ್ಮೆ ಖುದ್ದು ಭೇಟಿ, ಅಸೈನ್‌ಮೆಂಟ್ ತಪ್ಪಿಸಿದವರಿಗೆ ಒಂದು ಫೋನ್ ಕರೆ. ಭೇಟಿಗೆ ದೂರದ, ಜಾಗದ ತೊಂದರೆ ಇದ್ದ ಕಾಲ ಮುಗಿಯಿತು. ಮೆಟ್ರೊದ ಹಸಿರು ಮಾರ್ಗ ಪೀಣ್ಯ ದಾಟಿ ಮಾದಾವರದವರೆಗೆ ಹೋಗಿದೆ, ನೇರಳೆ ಮಾರ್ಗ ಕಾಡುಗೋಡಿ ಮುಟ್ಟಿದೆ, 2025ರ ಆಗಸ್ಟ್ 10ರಂದು ಉದ್ಘಾಟನೆಯಾದ ಹಳದಿ ಮಾರ್ಗ ಎಲೆಕ್ಟ್ರಾನಿಕ್ ಸಿಟಿ ಹಾದು ಬೊಮ್ಮಸಂದ್ರಕ್ಕೆ ಹೋಗುತ್ತದೆ. ಪೀಣ್ಯದಿಂದ ಎಲೆಕ್ಟ್ರಾನಿಕ್ ಸಿಟಿಗೆ ಆರ್.ವಿ. ರಸ್ತೆಯಲ್ಲಿ ಒಮ್ಮೆ ರೈಲು ಬದಲಿಸಿದರಾಯಿತು. ನಿಲ್ದಾಣಗಳ ಸುತ್ತಮುತ್ತಲಿನ ಸರ್ಕಾರಿ ಕಾಲೇಜುಗಳ ಕೊಠಡಿಗಳು ಭಾನುವಾರ ಖಾಲಿಯೇ ಇರುತ್ತವೆ.

ಇದೆಲ್ಲ ಕಲಸುಮೇಲೋಗರ, ಎಲ್ಲ ಶಾಸ್ತ್ರವನ್ನೂ ಮೂಸಿ ಯಾವುದನ್ನೂ ಉಣ್ಣದ ಕಲಿಕೆ ಎಂಬ ಆಕ್ಷೇಪವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಅಂಥ ಕಲಿಕೆಯ ಅನುಭವ ನಮಗೆ ಆಗಲೇ ಇದೆ: ರಾಷ್ಟ್ರೀಯ ಶಿಕ್ಷಣ ನೀತಿಯನ್ನು 2021ರಲ್ಲಿ ಮೊದಲು ಜಾರಿಗೆ ತಂದ ರಾಜ್ಯ ನಮ್ಮದು. ಬೇರೆ ವಿಭಾಗದ ಪತ್ರಿಕೆಯನ್ನು ಆರಿಸಿಕೊಳ್ಳುವ ಮುಕ್ತ ಆಯ್ಕೆ ಆಗ ಪದವಿ ತರಗತಿಗಳಿಗೆ ಬಂತು; 2024ರಲ್ಲಿ ರಾಜ್ಯ ಸರ್ಕಾರ ನಾಲ್ಕು ವರ್ಷದ ಪದವಿಯನ್ನು ಕೈಬಿಟ್ಟು ಮೂರು ವರ್ಷಕ್ಕೆ ಮರಳಿತು. ರಾಜಕೀಯದ ಮಾತು ಏನೇ ಇರಲಿ, ಮುಕ್ತ ಆಯ್ಕೆಯ ದೌರ್ಬಲ್ಯ ಅದರ ರಚನೆಯಲ್ಲೇ ಇತ್ತು. ಒಂದು ಶಾಸ್ತ್ರದ ಪರಿಚಯವನ್ನು ಇನ್ನೊಂದು ಶಾಸ್ತ್ರದವರಿಗೆ ತೆಳುಮಾಡಿ ಕೊಟ್ಟರೆ ಅದಕ್ಕೆ ಇತ್ತ ರುಚಿಯೂ ಇಲ್ಲ, ಅತ್ತ ಪುಷ್ಟಿಯೂ ಇಲ್ಲ. ಪ್ರಶ್ನೆಯಿಂದ ಹೊರಟಾಗ ತೆಳುಮಾಡಲು ಬರುವುದೇ ಇಲ್ಲ. ಪಿಎಚ್ ಎಷ್ಟಕ್ಕೆ ಇಳಿಸಬೇಕು ಎಂದು ತಿಳಿಯದೆ ಶುದ್ಧೀಕರಣದ ಖರ್ಚು ಲೆಕ್ಕ ಹಾಕಲಾಗದು. ಒಂದೊಂದು ಶಾಸ್ತ್ರದಿಂದಲೂ ಆ ಪ್ರಶ್ನೆಗೆ ಬೇಕಾದ ಭಾಗವನ್ನಷ್ಟೇ ತೆಗೆದುಕೊಂಡು, ಅಷ್ಟನ್ನು ಆಳವಾಗಿಯೇ ಕಲಿಸಬೇಕಾಗುತ್ತದೆ. ಇದರಿಂದ ಯಾರೂ ರಸಾಯನಶಾಸ್ತ್ರಜ್ಞರಾಗುವುದಿಲ್ಲ, ನಿಜ. ಅದಕ್ಕೆ ಬಿಎಸ್ಸಿ ಇದೆ.

ಪಾಳಿಯಲ್ಲಿ ದುಡಿಯುವವರಿಗೆ ಓದಲು ಹೊತ್ತೆಲ್ಲಿದೆ ಎಂಬುದು ಎರಡನೇ ಆಕ್ಷೇಪ. ಐಐಎಸ್‌ಸಿ ಬಹಳ ಕಾಲದಿಂದ ಉದ್ಯೋಗಸ್ಥರಿಗಾಗಿ ‘ಪ್ರೊಫಿಶಿಯನ್ಸ್’ ಎಂಬ ಸಂಜೆ ಕೋರ್ಸ್‌ಗಳನ್ನು ನಡೆಸುತ್ತ ಬಂದಿದೆ, ಅದಕ್ಕೆ ಬರುವವರೂ ಇದ್ದಾರೆ. ಹಂಬಲ ಇದೆ ಎನ್ನುವುದಕ್ಕೆ ಇದೇ ಸಾಕ್ಷಿ. ವೈಟ್‌ಫೀಲ್ಡ್‌ನಿಂದ ಸಂಜೆಯ ಟ್ರಾಫಿಕ್ಕಿನಲ್ಲಿ ಖುದ್ದು ತರಗತಿಗೆ ತಲುಪುವುದು ಮಾತ್ರ ಸಾಹಸ. ವಾರಕ್ಕೆ ಮೂರು ಗಂಟೆ ಮೀರದ ಆರು ವಾರದ ಕೋರ್ಸನ್ನು ಪಾಳಿಯವರೂ ಮುಗಿಸಬಲ್ಲರು. ಹನ್ನೆರಡು ವಾರ ಎಂದರೆ ನಡುವೆ ಒಂದು ಹಬ್ಬ, ಒಂದು ಓವರ್‌ಟೈಮ್ ತಿಂಗಳು ಬಂದೇ ಬರುತ್ತದೆ. ಆರು ವಾರ ಈಗಿನ ನಾಲ್ಕು-ಎಂಟರ ಲೆಕ್ಕಕ್ಕೆ ಕೂರದಿದ್ದರೆ, ಎರಡು ವಾರದ ಕ್ಷೇತ್ರಕಾರ್ಯ ಸೇರಿಸಿ ಎಂಟು ವಾರ, ಎರಡು ಕ್ರೆಡಿಟ್ ಮಾಡಬಹುದು. ಆ ಕ್ಷೇತ್ರಕಾರ್ಯವೇ ಮೌಲ್ಯಮಾಪನದ ಮುಖ್ಯ ಭಾಗವಾಗಲಿ. ಕೃತಕ ಬುದ್ಧಿಮತ್ತೆಯ ಕೈಯಲ್ಲಿ ಪ್ರಬಂಧ ಬರೆಸಿ ಒಪ್ಪಿಸುವುದು ಈಗ ಸಲೀಸು. ತನ್ನ ಬೀದಿಯ ಬೋರ್‌ವೆಲ್‌ನ ಆಳ, ಟ್ಯಾಂಕರಿನ ದರ, ತನ್ನದೇ ಸಂಬಳದ ಚೀಟಿಯ ಲೆಕ್ಕವನ್ನು ತಂದು ಸಹಾಯಕರ ಎದುರು ಕೂತು ವಿವರಿಸುವುದನ್ನು ಯಾವ ಯಂತ್ರವೂ ಮಾಡಿಕೊಡದು.

ಭಾಷೆಯ ಮಾತು ಉಳಿಯಿತು. ಕನ್ನಡದಲ್ಲಿ ಕಲಿಸಿದರೆ ಐ.ಟಿಯವರು ಬರುವುದಿಲ್ಲ, ಇಂಗ್ಲಿಷಿನಲ್ಲಿ ಕಲಿಸಿದರೆ ಕಾರ್ಖಾನೆಯವರು ಬರುವುದಿಲ್ಲ ಎನ್ನುತ್ತಾರೆ. ಐಐಟಿ ಬಾಂಬೆಯ ‘ಸ್ಪೋಕನ್ ಟ್ಯುಟೋರಿಯಲ್’ ಯೋಜನೆ ತಂತ್ರಾಂಶ ಕಲಿಸುವ ಹತ್ತು ನಿಮಿಷದ ಪಾಠಗಳನ್ನು ಕನ್ನಡವೂ ಸೇರಿ ಹಲವು ಭಾಷೆಗಳ ಧ್ವನಿಯಲ್ಲಿ ಕೊಡುತ್ತ ಬಂದಿದೆ. ಎನ್‌ಪಿಟಿಇಎಲ್ ಪಾಠಗಳ ಪಠ್ಯಗಳೂ ಕನ್ನಡಕ್ಕೆ ಬಂದಿವೆ. ಇದು ಗೊತ್ತಿಲ್ಲದ ದಾರಿಯೇನಲ್ಲ. ಆದರೆ ಪಠ್ಯದ ಅನುವಾದದಲ್ಲೇ ನಿಂತರೆ ಸಾಲದು. ಪಾಠ ಮೊದಲು ಕನ್ನಡದಲ್ಲಿ ಹುಟ್ಟಬೇಕು, ಪಿಎಚ್, ಕ್ರೋಮಿಯಂ, ಪಿಎಫ್ ಅಂತಲೇ ಬಳಸುತ್ತ, ಶಾಪ್ ಫ್ಲೋರಿನಲ್ಲಿ ಜನ ಆಡುವ ಹಾಗೆ. ಇಂಗ್ಲಿಷ್, ಹಿಂದಿ, ತಮಿಳು, ಒಡಿಯಾ ಉಪಶೀರ್ಷಿಕೆಗಳು ಅದರ ಮೇಲೆ ಬರಲಿ, ಏಕೆಂದರೆ ಪೀಣ್ಯದ ಯಂತ್ರಗಳ ಮುಂದೆ ಇವತ್ತು ನಿಂತಿರುವವರಲ್ಲಿ ಆ ಭಾಷೆಗಳವರೂ ಇದ್ದಾರೆ. ಸ್ಥಳೀಯ ಪ್ರಶ್ನೆಗೆ ಸ್ಥಳೀಯ ಭಾಷೆಯೇ ಮೂಲವಾದಾಗ ವೈಟ್‌ಫೀಲ್ಡ್‌ನ ಹೊರರಾಜ್ಯದ ಎಂಜಿನಿಯರ್‌ಗೂ ಕನ್ನಡ ಕಿವಿಗೆ ಬೀಳಲು ಒಂದು ಗಟ್ಟಿ ಕಾರಣ ಸಿಗುತ್ತದೆ.

ಇಷ್ಟಕ್ಕೆ ಹೊಸ ಕಾಯ್ದೆ ಬೇಕಿಲ್ಲ, ಹೊಸ ವಿಶ್ವವಿದ್ಯಾಲಯವೂ ಬೇಕಿಲ್ಲ. ಬೆಂಗಳೂರು ವಿಶ್ವವಿದ್ಯಾಲಯವನ್ನು ಮೂರಾಗಿ ಒಡೆದ ಮೇಲೆ ಹೊರವಲಯದ ಪದವಿ ಕಾಲೇಜುಗಳು ಬೇರೆ ಬೇರೆ ಆಡಳಿತಗಳಿಗೆ ಹಂಚಿಹೋಗಿವೆ. ಎಂಜಿನಿಯರಿಂಗ್ ಕಾಲೇಜುಗಳು ಬೆಳಗಾವಿಯ ವಿಟಿಯು ಕೆಳಗಿವೆ. ಇವರೆಲ್ಲ ಒಂದು ಮೇಜಿಗೆ ಬಂದು, ಐಐಐಟಿ-ಬೆಂಗಳೂರು, ಸಿಎಂಟಿಐನಂಥ ಸಂಸ್ಥೆಗಳನ್ನು ಜತೆಗೆ ಕೂರಿಸಿಕೊಂಡು, ಮುಂದಿನ ಶೈಕ್ಷಣಿಕ ವರ್ಷದಲ್ಲಿ ಒಂದೇ ಒಂದು ಕೋರ್ಸನ್ನು ಸ್ವಯಂ ವೇದಿಕೆಗೆ ಪ್ರಸ್ತಾಪಿಸಲಿ. ನೀರಿನದಾದರೂ ಸರಿ, ಪಿಎಫ್‌ನದಾದರೂ ಸರಿ. ಉನ್ನತ ಶಿಕ್ಷಣ ಇಲಾಖೆ ಸ್ಟುಡಿಯೊಗೆ ಹಣ ಕೇಳಿ ಬಂದ ಕಡತವನ್ನು ವಾಪಸ್ ಕಳಿಸಿ, ಐವತ್ತು ಬೋಧನಾ ಸಹಾಯಕರ ಸಂಬಳಕ್ಕೆ ಮೊದಲು ಸಹಿ ಹಾಕಲಿ.